ಅವಸರದ ಬಾವಿ

ನನ್ನ ತಮ್ಮನ ಹೆಂಡತಿ ನೀಲವೇಣಿ ಎರಡನೇ ಸಲ ಬಸುರಿಯಾದಾಗ ಅವಳ ತವರಿನ ಬಾವಿಯ ಮೇಲೆ ಕಲ್ಲಿನ ಚಪ್ಪಡಿ ಬಿದ್ದು ಎರಡು ವರ್ಷವಾಗಿತ್ತು. ಹಾಗಾಗಿ ಊರಿಗಿಂತ ಮೊದಲು ನಮಗೆ ಸುದ್ದಿ ಗೊತ್ತಾಯಿತು. ನಮ್ಮ ಊರಿನಲ್ಲಿ ಇದು ಅಪರೂಪ. ಇಲ್ಲಿ ಬಸುರಿಗೂ ಮೊದಲು ಅವಳ ತವರಿನ ಬೀದಿಗೆ ವಿಷಯ ತಿಳಿದಿರುತ್ತದೆ. ಬೆಳಿಗ್ಗೆ ನೀರಿಗೆ ಹೋದವರು ಆ ಮನೆಯ ಬಾವಿಯೊಳಗೆ ತಳದ ಮೆಟ್ಟಿಲು ಮುಳುಗಿದ್ದನ್ನು ನೋಡಿ, ಕೊಡವನ್ನು ಕಟ್ಟೆಯ ಮೇಲಿಟ್ಟು, ಮನೆಯವರನ್ನು ಕರೆದು ತೋರಿಸುತ್ತಾರೆ. ಆಮೇಲೆ ತಿಂಗಳಿಗೊಂದು ಮೆಟ್ಟಿಲಿನಂತೆ ನೀರು ಏರುತ್ತದೆ. ಒಂಬತ್ತನೆಯದು ಮುಳುಗಿದ ಮೂರು ದಿನದೊಳಗೆ ಮಗಳು ಯಾವ ಬೀದಿಯಲ್ಲಿದ್ದರೂ ಹೆರುತ್ತಾಳೆ. ಹೆತ್ತ ಮಾರನೇ ದಿನ ನೀರು ತನ್ನ ಪಾಡಿಗೆ ಕೆಳಗಿಳಿದಿರುತ್ತದೆ.

ಇದಕ್ಕೆ ತಕ್ಕಂತೆ ನಾವೆಲ್ಲ ಬದುಕುವುದನ್ನು ಕಲಿತಿದ್ದೇವೆ. ಬಸುರಿಯ ತವರಿನ ಬಾವಿಗೆ ಯಾರೂ ಕೊಡವನ್ನು ದಡಕ್ಕನೆ ಇಳಿಬಿಡುವುದಿಲ್ಲ. ಮಳೆನೀರು ಬಿದ್ದು ಅಂದಾಜು ತಪ್ಪಬಾರದೆಂದು ಮೇಲೆ ತಗಡಿನ ಮಾಡು ಹಾಕುತ್ತಾರೆ. ಅಳಿಯಂದಿರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಮಾವನ ಮನೆಯ ಕಟ್ಟೆಗೆ ಒರಗಿ ಒಂದು ಸಲ ಬಗ್ಗಿ ನೋಡಿ ಮುಂದೆ ಹೋಗುತ್ತಾರೆ. ನಾನು ಪುರಸಭೆಯಲ್ಲಿ ಜನನ ಮರಣದ ರಿಜಿಸ್ಟರು ಬರೆಯುವವಳು. ಹೆಸರು ಮಂದಾಕಿನಿ, ಊರಿಗೆಲ್ಲ ಮಂದಕ್ಕ. ನಮ್ಮ ರಿಜಿಸ್ಟರಿನಲ್ಲಿ ಮಗುವಿನ ತೂಕದ ಪಕ್ಕದಲ್ಲೇ ‘ಮೆಟ್ಟಿಲು’ ಎಂಬ ಕಾಲಂ ಇದೆ. ಹೆಚ್ಚಿನವಕ್ಕೆ ಒಂಬತ್ತು ಎಂದೇ ಬರೆಯುತ್ತೇನೆ. ಕೆಲವು ಬಾವಿಗಳು ಮಾತ್ರ ಹಾಗಲ್ಲ. ಆರೋ ಏಳೋ ಮೆಟ್ಟಿಲಿನವರೆಗೆ ನೀರು ಸರಿಯಾಗಿಯೇ ಏರಿರುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಒಂಬತ್ತಕ್ಕೆ ಹಾರಿರುತ್ತದೆ. ಅಂಥ ಬಾವಿಗೆ ಅವಸರದ ಬಾವಿ ಎನ್ನುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವ ಮೊದಲು ಹಿತ್ತಲಿಗೆ ಹೋಗಿ ಬಾವಿ ನೋಡುವುದು, ಅಕ್ಕಪಕ್ಕದವರನ್ನು ಕೇಳುವುದು ಇದಕ್ಕಾಗಿಯೇ.

ನೀಲವೇಣಿ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುವವಳು. ಅವಳ ತಂದೆ ಮರಿಸ್ವಾಮಿಯವರು ಬೆತ್ತದ ಕುರ್ಚಿ ಹೆಣೆಯುತ್ತಾರೆ. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಒಬ್ಬಳೇ ಮಗಳು. ಮೊದಲನೇ ಬಸಿರಿನಲ್ಲಿ ಅವರ ಬಾವಿ ಏಳನೇ ಮೆಟ್ಟಿಲಿಂದ ಹಾರಿತು. ಯಾರೂ ಸಿದ್ಧರಿರಲಿಲ್ಲ. ಇಂಥ ಮಕ್ಕಳನ್ನು ನೋಡಿಕೊಳ್ಳುವ ಸೌಕರ್ಯ ಆಗ ನಮ್ಮ ಆಸ್ಪತ್ರೆಯಲ್ಲಿರಲಿಲ್ಲ. ಆ ರಾತ್ರಿಯೇ ನಮ್ಮ ಮನೆಯ ನಡುಕೋಣೆಯಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಅಂಗೈಯಷ್ಟೇ ಬೆನ್ನು. ಎರಡು ದಿನ ಇತ್ತು, ಮೂರನೇ ದಿನ ಇರಲಿಲ್ಲ.

ಹದಿಮೂರು ದಿನ ಕಳೆಯುವ ಮೊದಲೇ ನಮ್ಮ ಅಮ್ಮ ನೆರೆಮನೆಯವರ ಜೊತೆ ಜಗುಲಿಯಲ್ಲಿ ಕೂತು ಹೇಳಿದಳು, “ಏನ್ ಮಾಡೋದು, ಅವರ ಬಾವಿಗೇ ಅವಸರ. ಮದುವೆಗೆ ಮುಂಚೆ ನಮಗ್ಯಾರೂ ಹೇಳಲಿಲ್ಲ.” ಮಾತು ಬೆತ್ತದ ಕೆಲಸದವರ ಬೀದಿಯನ್ನು ಮುಟ್ಟಲು ಒಂದು ದಿನವೂ ಹಿಡಿಯಲಿಲ್ಲ. ಅಲ್ಲಿನ ಹೆಂಗಸರು ಒಬ್ಬೊಬ್ಬರಾಗಿ ಮರಿಸ್ವಾಮಿಯವರ ಬಾವಿಗೆ ಹೋಗುವುದನ್ನು ಬಿಟ್ಟರು. ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ಆ ನೀರು ಬೇಡ ಎಂದರು. ಒಂದು ತಿಂಗಳು ನೋಡಿದ ಮರಿಸ್ವಾಮಿಯವರು ಕಲ್ಲುಗಣಿಯಿಂದ ಚಪ್ಪಡಿ ತರಿಸಿ ಬಾವಿಯನ್ನು ಮುಚ್ಚಿಸಿದರು. ಆವತ್ತಿನಿಂದ ಎರಡು ಬೀದಿ ದಾಟಿ ನಲ್ಲಿಯಿಂದ ನೀರು ಹೊತ್ತು ತರುತ್ತಿದ್ದರು. ನಾನು ಎಲ್ಲವನ್ನೂ ನೋಡುತ್ತಿದ್ದೆ. ನನಗೆ ಒಂದು ವಿಷಯ ಗೊತ್ತಿತ್ತು. ಹೇಳಲಿಲ್ಲ.

ಡಾಕ್ಟರ್ ಕುಮುದಾ ನಮ್ಮ ಊರಿಗೆ ಬಂದದ್ದು ಆಮೇಲೆ. ದೂರದ ಸಂಶೋಧನಾ ಸಂಸ್ಥೆಯೊಂದು ಅವರನ್ನು ಕಳಿಸಿತ್ತು. ದಿನ ತುಂಬುವ ಮೊದಲೇ ಮಕ್ಕಳು ಯಾಕೆ ಹುಟ್ಟುತ್ತವೆ, ಅದು ಮನೆತನದಲ್ಲಿ ಹೇಗೆ ಹರಿಯುತ್ತದೆ, ತಡೆಯಲು ಏನಾದರೂ ಮದ್ದು ಕೊಡಬಹುದೇ ಎಂದು ನೋಡುವುದು ಅವರ ಕೆಲಸ. ಆಸ್ಪತ್ರೆಯ ಹಿಂದಿನ ಎರಡು ಕೋಣೆಗಳಲ್ಲಿ ಐಸ್ ಪೆಟ್ಟಿಗೆಗಳನ್ನೂ ಯಂತ್ರಗಳನ್ನೂ ಇಟ್ಟುಕೊಂಡರು. ಅರವತ್ತು ವರ್ಷದ ರಿಜಿಸ್ಟರು ಬೇಕೆಂದರು. ರಿಜಿಸ್ಟರಿನ ಜೊತೆಗೆ ಪುರಸಭೆಯವರು ನನ್ನನ್ನೂ ಮಧ್ಯಾಹ್ನದ ಹೊತ್ತು ಅಲ್ಲಿಗೆ ಕಳಿಸಿದರು.

ನನಗೆ ಕೊಟ್ಟ ಕೆಲಸ ವಂಶವೃಕ್ಷ ಬರೆಯುವುದು. ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ. ದಿನ ತುಂಬದೆ ಹುಟ್ಟಿದವರ ಸೊನ್ನೆಗೋ ಚೌಕಕ್ಕೋ ಒಳಗೆ ಮಸಿ ತುಂಬಬೇಕು. ಊರಿನ ಮನೆಗಳನ್ನೆಲ್ಲ ಒಂದೊಂದಾಗಿ ಹಾಳೆಗೆ ಇಳಿಸಿದೆ. ಕಪ್ಪು ಚುಕ್ಕೆಗಳು ಕೆಲವು ಮನೆಗಳಲ್ಲಿ ಒಂದರ ಕೆಳಗೊಂದು ಸಾಲಾಗಿ ಇಳಿದಿದ್ದವು. ಕೆಲವು ಕಡೆ ಒಂದು ತಲೆಮಾರು ಬಿಟ್ಟು ಬಂದಿದ್ದವು. ಕೆಲವು ಕಡೆ ಹಿಂದುಮುಂದಿಲ್ಲದೆ ಒಂದೇ ಒಂದು.

“ಡಾಕ್ಟ್ರೇ, ಇದು ತಾಯಿ ಕಡೆಯಿಂದ ಬರೋದು ತಾನೆ?” ಎಂದು ಒಂದು ದಿನ ಕೇಳಿದೆ. “ಏರೋದು ತವರಿನ ಬಾವಿಯಲ್ವಾ.”

ಅವರು ಕೈಗವಸು ಬಿಚ್ಚುತ್ತ ಹೇಳಿದರು, “ಎಲ್ಲಿ ಏರತ್ತೆ ಅನ್ನೋದು ಬೇರೆ, ಯಾಕೆ ಏರತ್ತೆ ಅನ್ನೋದು ಬೇರೆ, ಮಂದಾಕಿನಿಯವರೇ. ಅವಸರ ಅನ್ನೋದು ರಕ್ತದಲ್ಲಿ ಒಂದೇ ಜಾಗದಲ್ಲಿ ಬರೆದಿಟ್ಟಿಲ್ಲ. ನೂರಾರು ಕಡೆ ಒಂದೊಂದು ಅಕ್ಷರ ಬೇರೆ ಇರತ್ತೆ. ಒಂದೊಂದೂ ಒಂದು ದಿನವೋ ಅರ್ಧ ದಿನವೋ ಮುಂದಕ್ಕೆ ತಳ್ಳತ್ತೆ, ಅಷ್ಟೇ. ತಾಯಿದು ಹೆಚ್ಚು, ನಿಜ. ಆದರೆ ಮಗು ಅರ್ಧ ಅಪ್ಪಂದಲ್ವಾ? ಹೆರಿಗೆ ಯಾವಾಗ ಅನ್ನೋದ್ರಲ್ಲಿ ಮಗುವಿನ ಮಾತೂ ನಡೆಯತ್ತೆ. ಇದೆಲ್ಲ ಬಿಟ್ಟು ಸೋಂಕು, ಊಟ, ದಣಿವು, ನಮಗೆ ಇನ್ನೂ ಗೊತ್ತಿಲ್ಲದ್ದು, ಎಲ್ಲ ಸೇರತ್ತೆ. ಇಂಥ ಬಾವಿಯದೇ ತಪ್ಪು ಅಂತ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ.”

ಆ ಸಂಜೆ ನಮ್ಮ ಮನೆಯ ಹಾಳೆ ತೆಗೆದೆ. ಅಮ್ಮನ ಸೊನ್ನೆ, ತೀರಿಹೋದ ಅಪ್ಪನ ಚೌಕ, ಕೆಳಗೆ ನನ್ನ ಸೊನ್ನೆ, ತಮ್ಮ ಚನ್ನವೀರನ ಚೌಕ. ರಿಜಿಸ್ಟರಿನಲ್ಲಿ ಇಬ್ಬರಿಗೂ ಒಂಬತ್ತು ಎಂದೇ ಇತ್ತು. ಚನ್ನವೀರನ ಚೌಕದ ಮೇಲೆ ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಬಿಳಿಯಾಗಿಯೇ ಬಿಟ್ಟು ಎದ್ದುಬಂದೆ.

ಚನ್ನವೀರ ಹುಟ್ಟಿದಾಗ ನನಗೆ ಒಂಬತ್ತು ವರ್ಷ. ಅಮ್ಮನ ಜೊತೆ ಅಜ್ಜಿಯ ಮನೆಯಲ್ಲಿದ್ದೆ. ದಿನಾ ಬಾವಿಗೆ ಬಗ್ಗಿ ಮೆಟ್ಟಿಲು ಎಣಿಸುವುದು ನನಗೆ ಆಟ. ಏಳಾಗಿದ್ದ ಮಾರನೇ ದಿನ ಒಂದೂ ಮೆಟ್ಟಿಲು ಕಾಣಲಿಲ್ಲ. ಅಜ್ಜಿ ನನ್ನ ತೋಳು ಹಿಡಿದು ಎಳೆದು, ಬಾವಿಯ ಮೇಲೆ ಬಿದಿರಿನ ತಟ್ಟಿ ಮುಚ್ಚಿ, ಹೂಳು ತೆಗೆಸುತ್ತಿದ್ದೇವೆ ಎಂದು ಬೀದಿಯವರಿಗೆ ಹೇಳಿದಳು. ಚಿಕ್ಕಮ್ಮನ ಮದುವೆ ಮಾತುಕತೆ ನಡೆಯುತ್ತಿದ್ದ ಸಮಯ. ತಮ್ಮ ಹುಟ್ಟಿದ್ದನ್ನು ಯಾರಿಗೂ ಹೇಳಲಿಲ್ಲ. ಎರಡು ತಿಂಗಳು ಅಮ್ಮ ಕತ್ತಲ ಕೋಣೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಈಗ ತಾನೆ ಹೆತ್ತಳು ಎಂದು ಹೇಳಿ ಅಜ್ಜ ಪುರಸಭೆಯಲ್ಲಿ ಒಂಬತ್ತು ಎಂದು ಬರೆಸಿದ. ನನ್ನ ತಮ್ಮ ಇವತ್ತಿಗೂ ತನ್ನದಲ್ಲದ ತಾರೀಖಿಗೆ ಹುಟ್ಟುಹಬ್ಬ ಮಾಡಿಕೊಳ್ಳುತ್ತಾನೆ. ಚಿಕ್ಕಮ್ಮನ ಮದುವೆಯಾಯಿತು, ಅಜ್ಜ ಅಜ್ಜಿ ಹೋದರು, ಆ ಮನೆ ಕೆಡವಿ ಯಾರೋ ಗೋದಾಮು ಕಟ್ಟಿದರು. ನಮ್ಮ ಮನೆಯಲ್ಲಿ ಗೊತ್ತಿದ್ದವರು ಅಮ್ಮ ಮತ್ತು ನಾನು ಇಬ್ಬರೇ ಉಳಿದೆವು. ನಾವಿಬ್ಬರೂ ಅದರ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ.

ನೀಲವೇಣಿಗೆ ನಾಲ್ಕು ತುಂಬಿದಾಗ ಡಾಕ್ಟರ್ ಕುಮುದಾ ಅವಳನ್ನು ಪಟ್ಟಿಗೆ ಸೇರಿಸಿಕೊಂಡರು. ಮೊದಲು ಅವಸರದ ಹೆರಿಗೆಯಾದ ನಲವತ್ತು ಹೆಂಗಸರಿಗೆ ಹೊಸ ಮಾತ್ರೆ ಕೊಟ್ಟು ನೋಡುವುದು. ಇಪ್ಪತ್ತು ಜನಕ್ಕೆ ನಿಜವಾದದ್ದು, ಇಪ್ಪತ್ತು ಜನಕ್ಕೆ ಅದರಂತೆಯೇ ಕಾಣುವ, ಮದ್ದಿಲ್ಲದ ಬರೀ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ. ಪಟ್ಟಿ ಸಂಸ್ಥೆಯಲ್ಲಿ ಮುಚ್ಚಿದ ಲಕೋಟೆಯೊಳಗಿದೆ. ನೀಲವೇಣಿಯ ಸೀಸೆಯ ಮೇಲೆ ಇಪ್ಪತ್ತೇಳು ಎಂಬ ಅಂಕಿ ಇತ್ತು.

“ಹೀಗ್ಯಾಕೆ ಡಾಕ್ಟ್ರೇ? ಎಲ್ರಿಗೂ ಒಳ್ಳೇದನ್ನೇ ಕೊಡಬಾರದಾ?” ಎಂದು ಅವಳು ಕೇಳಿದಳು.

“ಒಳ್ಳೇದು ಹೌದಾ ಅಂತಲೇ ಗೊತ್ತಿಲ್ವಲ್ಲಮ್ಮ. ಹೀಗೆ ಹಂಚಿ ನೋಡದೆ ಗೊತ್ತಾಗೋ ದಾರಿ ಇಲ್ಲ. ಬೇಡ ಅನ್ನಿಸಿದರೆ ಯಾವತ್ತು ಬೇಕಾದರೂ ಬಿಡಬಹುದು. ಬಾಕಿ ಆರೈಕೆ ಎಲ್ಲರಿಗೂ ಒಂದೇ.”

ನೀಲವೇಣಿ ಬಿಡಲಿಲ್ಲ. ದಿನಾ ಊಟವಾದ ಮೇಲೆ ಮಾತ್ರೆಯನ್ನು ನಾಲಿಗೆಯ ತುದಿಗಿಟ್ಟು ರುಚಿ ನೋಡುತ್ತಿದ್ದಳು. “ಇವತ್ತು ಸ್ವಲ್ಪ ಕಹಿ ಇದೆ ಅಕ್ಕ, ನಿಜವಾದದ್ದೇ ಇರಬೇಕು” ಎನ್ನುತ್ತಿದ್ದಳು. ಮಾರನೇ ದಿನ, “ಏನೂ ರುಚಿಯಿಲ್ಲ, ಸುಣ್ಣದ ಹಾಗಿದೆ” ಎಂದು ಮುಖ ಚಿಕ್ಕದು ಮಾಡುತ್ತಿದ್ದಳು. ಬೇಕರಿಯಿಂದ ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಬರುತ್ತಿದ್ದ ಚನ್ನವೀರ ಅವಳ ಮುಖ ನೋಡಿಯೇ ಆವತ್ತಿನ ಮಾತ್ರೆ ಹೇಗಿತ್ತೆಂದು ತಿಳಿದುಕೊಳ್ಳುತ್ತಿದ್ದ.

ಎರಡು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಪರೀಕ್ಷೆ. ಐದು ತುಂಬಿ ಆರಕ್ಕೆ ಬಿದ್ದಾಗ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. “ಇವರ ತವರಿನ ಬಾವಿ ಮುಚ್ಚಿದೆಯಂತೆ. ತೆಗೆಸೋಕಾಗಲ್ವಾ? ಮಾತ್ರೆ ಕೆಲಸ ಮಾಡತ್ತೋ ಇಲ್ವೋ, ಮೂರು ದಿನ ಮುಂಚೆ ಗೊತ್ತಾದರೆ ಮಾತ್ರ ಒಂದು ಉಪಾಯ ಇದೆ. ತಾಯಿಗೆ ಎರಡು ಇಂಜೆಕ್ಷನ್, ಒಂದು ದಿನದ ಅಂತರದಲ್ಲಿ. ಮಗುವಿನ ಶ್ವಾಸಕೋಶ ಸ್ವಲ್ಪ ಗಟ್ಟಿಯಾಗತ್ತೆ. ಸುಮ್ಮನೆ ಅಂದಾಜಿನ ಮೇಲೆ ಕೊಡೋ ಹಾಗಿಲ್ಲ. ನೋವು ಶುರುವಾದ ಮೇಲೆ ಕೊಟ್ಟರೆ ತಡವಾಗಬಹುದು. ಬೇರೆ ಊರಿನ ಡಾಕ್ಟರಿಗೆ ನಿಮ್ಮ ಬಾವಿಗಳು ಸಿಕ್ಕಿದ್ರೆ ಕಣ್ಣಿಗೊತ್ತಿಕೊಳ್ತಾರೆ. ನೀವು ಕಲ್ಲು ಮುಚ್ಚಿ ಕೂತಿದ್ದೀರಿ.”

ಚನ್ನವೀರ ಮಾವನ ಮನೆಗೆ ಹೋಗಿ ಕೇಳಿದ. ಮರಿಸ್ವಾಮಿಯವರು ಆಗಲ್ಲ ಎಂದರು. “ಒಂದು ಸಲ ಊರೆಲ್ಲ ಬಗ್ಗಿ ನೋಡಿತು. ಇನ್ನೊಂದು ಸಲ ಬೇಡ” ಎಂದಷ್ಟೇ ಹೇಳಿ ಬೆತ್ತ ನೆನೆಹಾಕಲು ಎದ್ದುಹೋದರಂತೆ. ನೀಲವೇಣಿಯೇ ಹೋಗಿ ಅತ್ತು ಕೇಳಿದಳು. ಮಗಳ ತಲೆ ಸವರಿದರು, ಚಪ್ಪಡಿ ಸರಿಸಲಿಲ್ಲ.

ಮಾರನೇ ದಿನ ಮಧ್ಯಾಹ್ನ ನಾನು ಕಚೇರಿಯಿಂದ ಬೇಗ ಬಂದೆ. ಅಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಎದುರಿಗೆ ಕೂತೆ.

“ಅಮ್ಮ, ಚನ್ನವೀರ ಹುಟ್ಟಿದ್ದು ಏಳನೇ ಮೆಟ್ಟಿಲಿಗೆ.”

ಅವಳ ಬೆರಳು ಅಕ್ಕಿಯ ಮೇಲೆ ಓಡಾಡುತ್ತಲೇ ಇತ್ತು. “ಯಾರು ಹೇಳಿದ್ದು ನಿಂಗೆ?”

“ಯಾರು ಹೇಳಬೇಕು. ನಾನೇ ನೋಡಿದ್ದೆ.”

“ಒಂಬತ್ತು ವರ್ಷದವಳು, ಏನು ನೋಡಿರ್ತೀಯ.”

“ತಟ್ಟಿ ಮುಚ್ಚಿದ್ದು ನೋಡಿದ್ದೆ. ನಿನ್ನ ಕೋಣೆಗೆ ಊಟ ತರ್ತಾ ಇದ್ದಿದ್ದು ನಾನೇ.”

ಅಮ್ಮ ಮೊರವನ್ನು ಕೆಳಗಿಟ್ಟಳು. “ಆಗಿದ್ದಾಯ್ತು. ನನ್ನ ಮಗ ಚೆನ್ನಾಗೇ ಬೆಳೆದ. ಈಗ ಅದನ್ನೆಲ್ಲ ಕೆದಕಿ ಯಾರಿಗೇನು ಲಾಭ?”

“ಉಳಿದಿದ್ದಕ್ಕೆ ನಿನ್ನ ತವರಿನ ಬಾವಿ ಒಳ್ಳೇದು, ಉಳೀಲಿಲ್ಲ ಅಂತ ಅವರ ಬಾವಿ ಕೆಟ್ಟದ್ದಾ? ಮಗು ಅರ್ಧ ಚನ್ನವೀರಂದೂ ಹೌದು. ಅವಸರ ನಮ್ಮ ಕಡೆಯಿಂದಲೂ ಹೋಗಿರಬಹುದು ಅಂತ ಡಾಕ್ಟ್ರು ಹೇಳ್ತಾರೆ.”

“ಡಾಕ್ಟ್ರಿಗೆ ಹೇಳಿಬಿಟ್ಯಾ?”

“ಇನ್ನೂ ಇಲ್ಲ. ಮೊದಲು ಮರಿಸ್ವಾಮಿಯವರಿಗೆ ಹೇಳ್ತೀನಿ.”

ಅವಳು ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. “ನಿನ್ನ ಚಿಕ್ಕಮ್ಮ ಬದುಕಿದಾಳೆ, ಮಗಳಿಗೆ ಗಂಡು ನೋಡ್ತಿದಾಳೆ” ಎಂದಳು, ಸಣ್ಣ ದನಿಯಲ್ಲಿ. ಮತ್ತೆ ಮೊರ ಎತ್ತಿಕೊಂಡಳು. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಮರಿಸ್ವಾಮಿಯವರು ಅಂಗಳದಲ್ಲಿ, ಚಪ್ಪಡಿ ಮುಚ್ಚಿದ ಬಾವಿಗೆ ಬೆನ್ನು ಮಾಡಿ ಕೂತು, ಕುರ್ಚಿಯೊಂದರ ಬೆನ್ನು ಹೆಣೆಯುತ್ತಿದ್ದರು. ಎದ್ದು ನನಗೊಂದು ಸ್ಟೂಲು ಹಾಕಿದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅಜ್ಜಿಯ ಬಾವಿ, ತಟ್ಟಿ, ಸುಳ್ಳು ತಾರೀಖು. ಎರಡು ವರ್ಷದ ಹಿಂದೆ ಅಮ್ಮ ಜಗುಲಿಯಲ್ಲಿ ಆ ಮಾತಾಡಿದಾಗ ನಾನು ಒಳಗೇ ಇದ್ದೆ, ಕೇಳಿಸಿಕೊಂಡು ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಅವರು ಬೆತ್ತದ ಎಳೆಯನ್ನು ಮೇಲೊಂದು ಕೆಳಗೊಂದು ತೂರಿಸುತ್ತಲೇ ಇದ್ದರು. ಸಾಲು ಮುಗಿದ ಮೇಲೆ ಕೈ ನಿಲ್ಲಿಸಿದರು.

“ಅಳಿಯಂದ್ರಿಗೆ ಗೊತ್ತಾ?”

“ಇಲ್ಲ. ಇವತ್ತು ಹೇಳ್ತೀನಿ.”

“ನನ್ನ ಹೆಂಡ್ತಿ ಹೋದಾಗ ಈ ಬೀದಿಯವರು ಹನ್ನೊಂದು ದಿನ ನನ್ನ ಮನೆಗೆ ಅಡುಗೆ ಮಾಡಿ ತಂದಿದ್ರು, ಈ ಬಾವಿ ನೀರಲ್ಲೇ. ಅವರೇ ಆಮೇಲೆ ಕೊಡ ಎತ್ಕೊಂಡು ನನ್ನ ಬಾಗಿಲು ದಾಟಿ ಹೋಗ್ತಿದ್ರು.” ಬೆತ್ತದ ಎಳೆಯ ತುದಿ ಕತ್ತರಿಸಿ ಹೇಳಿದರು, “ನೀವು ಬಂದು ಹೇಳಿದ್ದು ದೊಡ್ಡದು ಕಣಮ್ಮ. ಆದರೆ ನಿಮ್ಮಿಂದ ನನ್ನ ಬಾವಿಯ ಹೆಸರು ಕೆಡಲಿಲ್ಲ. ನಿಮ್ಮ ತಾಯಿಯವರು ಬರಲಿ. ಏನೂ ಹೇಳೋದು ಬೇಡ. ಬೀದಿ ಎದುರಿಗೆ ಒಂದು ಕೊಡ ನೀರು ಸೇದಿಕೊಂಡು ಹೋಗಿ ಅಡುಗೆ ಮಾಡಲಿ. ಆವತ್ತು ಕಲ್ಲು ತೆಗೀತೀನಿ.”

ಚನ್ನವೀರನಿಗೆ ಬೇಕರಿಯ ಹಿಂಬಾಗಿಲಲ್ಲಿ ಹೇಳಿದೆ. ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ, ಅಲ್ಲೇನಾದರೂ ಬರೆದಿದೆಯೇನೋ ಎಂಬಂತೆ. “ನಾನೇ ಕೊಟ್ಟಿದ್ದಾ ಅಕ್ಕ ಅದನ್ನ?” ಎಂದ. ಯಾರಿಗೂ ಗೊತ್ತಿಲ್ಲ, ಇಬ್ಬರದೂ ಇರಬಹುದು, ಯಾರದೂ ಅಲ್ಲದಿರಬಹುದು ಎಂದು ಡಾಕ್ಟರ ಮಾತನ್ನೇ ಹೇಳಿದೆ. ಅವನು ಆ ರಾತ್ರಿಯೇ ನೀಲವೇಣಿಗೆ ಎಲ್ಲ ಹೇಳಿದನಂತೆ. ಅವಳು ಅಮ್ಮನ ಹತ್ತಿರ ಆ ವಿಷಯ ಎತ್ತಲಿಲ್ಲ. ಬೆಳಿಗ್ಗೆ ಎಂದಿನಂತೆ, “ಅತ್ತೆ, ಸಾರಿಗೆ ಹುಣಸೆಹಣ್ಣು ನೆನೆಹಾಕಲಾ?” ಎಂದು ಕೇಳಿದಳು.

ಅಮ್ಮ ಹೋಗಲಿಲ್ಲ. ಒಂದು ವಾರವಾಯಿತು, ಎರಡಾಯಿತು. ಆರು ತುಂಬಿತು. ಮನೆಯೊಳಗೆ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನೀಲವೇಣಿ ಕೂತಲ್ಲಿಂದ ಎದ್ದರೆ ಮೂವರೂ ತಿರುಗಿ ನೋಡುತ್ತಿದ್ದೆವು. ಅವಳು ಸೊಂಟಕ್ಕೆ ಕೈ ಕೊಟ್ಟರೆ ಚನ್ನವೀರ ಬಾಯಿಗಿಟ್ಟ ತುತ್ತನ್ನು ಹಾಗೇ ಹಿಡಿದು ಕೂರುತ್ತಿದ್ದ. ನಾನು ಕಚೇರಿಯಲ್ಲಿ ಯಾರದೋ ಮಗುವಿನ ಹೆಸರು ಬರೆಯುತ್ತ ಅಕ್ಷರ ತಪ್ಪುತ್ತಿದ್ದೆ. ಮನೆಯಲ್ಲಿರು ಎಂದರೆ ನೀಲವೇಣಿ ಕೇಳಲಿಲ್ಲ. ಕೂತು ಮಾಡುವ ಕೆಲಸ, ಮನೆಯಲ್ಲಿ ನಿಮ್ಮ ಮುಖಗಳನ್ನು ನೋಡಿಕೊಂಡಿರುವುದಕ್ಕಿಂತ ವಾಸಿ ಎಂದಳು. ಡಾಕ್ಟರೂ ಹೋಗಲಿ ಎಂದರು.

ಒಂದು ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಅಮ್ಮ ಬಸ್ ನಿಲ್ದಾಣದ ಪಕ್ಕದ ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಳು. ನಿಲ್ದಾಣದ ಮೈಕಿನಿಂದ ಸೊಸೆಯ ದನಿ ಬರುತ್ತಿತ್ತು. “ಪ್ರಯಾಣಿಕರ ಗಮನಕ್ಕೆ, ಬೆಟ್ಟದೂರಿಗೆ ಹೋಗುವ ಬಸ್ಸು ಮೂರನೇ” ಎಂದದ್ದೇ ದನಿ ನಿಂತುಹೋಯಿತು. ಮೈಕು ಆರಿರಲಿಲ್ಲ. ಉಸಿರು ಎಳೆದುಕೊಂಡ ಸದ್ದು ಇಡೀ ಮಾರುಕಟ್ಟೆಗೆ ಕೇಳಿಸಿತು. ತರಕಾರಿಯವನು ತೂಕದ ಕಲ್ಲನ್ನು ಕೈಯಲ್ಲೇ ಹಿಡಿದು ಮೇಲೆ ನೋಡಿದ. ಅಮ್ಮ ಚೀಲ ಬಿಟ್ಟು ಓಡಿದಳು. ಅರವತ್ತೆಂಟು ವರ್ಷದ ಹೆಂಗಸು ಬಸ್ಸುಗಳ ನಡುವೆ ಸೆರಗು ಕೆಳಗೆ ಬಿದ್ದದ್ದೂ ತಿಳಿಯದೆ ಓಡಿದ್ದನ್ನು ಆಮೇಲೆ ಹಲವರು ನನಗೆ ಹೇಳಿದರು.

ಏನೂ ಆಗಿರಲಿಲ್ಲ. ಹೊಟ್ಟೆ ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಿತ್ತು, ಅಷ್ಟೇ. ಅಮ್ಮ ಹೋಗುವಷ್ಟರಲ್ಲಿ ನೀಲವೇಣಿ ನೀರು ಕುಡಿದು, ಮೂರನೇ ಅಂಕಣ ಎಂದು ಮಾತು ಮುಗಿಸಿ ಕೂತಿದ್ದಳು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಮನೆಗೆ ಕಳಿಸಿದರು. ಇನ್ನು ಮೇಲೆ ಕೆಲಸ ಬೇಡ ಎಂದರು. ದಾರಿಯುದ್ದಕ್ಕೂ ಅಮ್ಮ ಸೊಸೆಯ ಮಣಿಕಟ್ಟು ಹಿಡಿದುಕೊಂಡೇ ಬಂದಳು.

ಮಾರನೇ ದಿನ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ, ಹಿತ್ತಾಳೆ ಕೊಡ ತೊಳೆದು ಸೊಂಟಕ್ಕಿಟ್ಟುಕೊಂಡು ಹೊರಟಳು. ನಾನು, ಚನ್ನವೀರ ಹಿಂದೆ ಹೋದೆವು. ಬೆತ್ತದ ಕೆಲಸದವರ ಬೀದಿಯಲ್ಲಿ ಹೆಂಗಸರು ಬಾಗಿಲಿಗೆ ಬಂದು ನಿಂತರು. ಮರಿಸ್ವಾಮಿಯವರು ಏನೂ ಕೇಳದೆ ಹಾರೆ ತಂದರು. ಚನ್ನವೀರನೂ ಬೀದಿಯ ಇಬ್ಬರು ಗಂಡಸರೂ ಕೈಕೊಟ್ಟರು. ಚಪ್ಪಡಿ ಸರಿದಾಗ ಮುಗ್ಗಲು ವಾಸನೆ ಮೇಲೆ ಬಂತು. ಎಲ್ಲರೂ ಬಗ್ಗಿದೆವು. ಆರು ಮೆಟ್ಟಿಲು ಮುಳುಗಿದ್ದವು. ಏಳನೆಯದಕ್ಕೆ ಇನ್ನೂ ನಾಲ್ಕು ಬೆರಳು ಬಾಕಿ. ಮರಿಸ್ವಾಮಿಯವರು ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅಮ್ಮ ಹಗ್ಗ ಕಟ್ಟಿ, ಕೊಡವನ್ನು ಸದ್ದಾಗದಂತೆ ಇಳಿಸಿ, ಸೇದಿ ತುಂಬಿದಳು. ತುಂಬಿದ ಕೊಡ ಸೊಂಟಕ್ಕೆ ಏರಿಸಲು ಅವಳಿಗೆ ಎರಡು ಸಲ ಆಗಲಿಲ್ಲ. ನಾನು ಮುಂದೆ ಹೋದೆ, ಬೇಡ ಎಂದು ಕಣ್ಣಲ್ಲೇ ತಡೆದಳು. ಮೂರನೇ ಸಲಕ್ಕೆ ಏರಿತು. ಬೀದಿಯ ನಡುವೆ ನಡೆದುಕೊಂಡು ಬಂದು ಆ ನೀರಿನಲ್ಲೇ ಅನ್ನಕ್ಕಿಟ್ಟಳು. ಆವತ್ತು ಮಧ್ಯಾಹ್ನ ನಾನು ಆಸ್ಪತ್ರೆಗೆ ಹೋಗಿ ಚನ್ನವೀರನ ಚೌಕಕ್ಕೆ ಮಸಿ ತುಂಬಿದೆ. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಒಂಬತ್ತನ್ನು ಹೊಡೆದು ಏಳು ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿದೆ.

ಮರಿಸ್ವಾಮಿಯವರು ತಮ್ಮ ಕೆಲಸವನ್ನೆಲ್ಲ ಬಾವಿಯ ಪಕ್ಕಕ್ಕೆ ತಂದುಕೊಂಡರು. ಒಂದೊಂದು ಸಾಲು ಹೆಣೆದಾಗಲೂ ಎದ್ದು ನೋಡುತ್ತಿದ್ದರು. ಹದಿನೆಂಟು ದಿನ ನೀರು ನಿಧಾನವಾಗಿ ಏರಿತು. ಏಳು ಮುಳುಗಿತು. ಮೊದಲನೇ ಸಲ ಹಾರಿದ ದಿನ ದಾಟಿತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನೀಲವೇಣಿ ಮಾತ್ರ, “ಇಪ್ಪತ್ತೇಳನೇ ಸೀಸೆ ನಿಜವಾದದ್ದೇ ಅಕ್ಕ” ಎಂದಳು.

ಹತ್ತೊಂಬತ್ತನೇ ದಿನ ಬೆಳಿಗ್ಗೆ ನಾನು ಕಚೇರಿಯ ಬೀಗ ತೆಗೆಯುತ್ತಿದ್ದೆ. ಮರಿಸ್ವಾಮಿಯವರು ಬರಿಗಾಲಲ್ಲಿ ಓಡಿ ಬಂದರು. ಕೈಯಲ್ಲಿ ಇನ್ನೂ ಒದ್ದೆ ಬೆತ್ತದ ಎಳೆ ಇತ್ತು. “ಹಾರಿತಮ್ಮ” ಎಂದರು.

ಹನ್ನೊಂದು ಗಂಟೆಗೆ ಆಸ್ಪತ್ರೆಯಲ್ಲಿ ಮೊದಲನೇ ಇಂಜೆಕ್ಷನ್ ಕೊಟ್ಟರು. ಎರಡನೆಯದು ಮಾರನೇ ದಿನ ಹನ್ನೊಂದಕ್ಕೆ. ಅದಾದ ಮೇಲೂ ಒಂದು ದಿನ ಸಿಕ್ಕರೆ ಇನ್ನೂ ಒಳ್ಳೆಯದು ಎಂದರು ಡಾಕ್ಟರ್. ಮಾರನೇ ದಿನ ಒಂಬತ್ತಕ್ಕೇ ಸೊಂಟ ಹಿಡಿಯತೊಡಗಿತು. ನೀಲವೇಣಿ ಎಡಕ್ಕೆ ಹೊರಳಿ ಮಲಗಿ, ಮಂಚದ ಕಂಬಿ ಹಿಡಿದು, ಗೋಡೆಯ ಗಡಿಯಾರದ ಮೇಲೆ ಕಣ್ಣು ನೆಟ್ಟಳು. ನೋವು ಬಂದಾಗ ಅವಳ ತುಟಿ ಅಲುಗಾಡುತ್ತಿತ್ತು. ಬಗ್ಗಿ ಕೇಳಿದರೆ ಬಸ್ಸುಗಳ ಹೊತ್ತು ಹೇಳುತ್ತಿದ್ದಳು. ಒಂಬತ್ತೂಕಾಲು ಗಡಿಯೂರು. ಒಂಬತ್ತೂ ನಲವತ್ತು ಬೆಟ್ಟದೂರು. ಹತ್ತೂ ಐದು. ನಾನೂ ಅವಳ ಜೊತೆ ಒಂದೊಂದು ಬಸ್ಸನ್ನೂ ಕಳಿಸಿಕೊಟ್ಟೆ. ಹನ್ನೊಂದಕ್ಕೆ ಎರಡನೇ ಇಂಜೆಕ್ಷನ್ ಆಯಿತು. ಆಮೇಲೆ ನೋವು ಕಡಿಮೆಯಾಯಿತು, ಮತ್ತೆ ಬಂತು, ಮತ್ತೆ ಹೋಯಿತು. ಮೂರನೇ ದಿನ ಮಧ್ಯಾಹ್ನ ಹೆರಿಗೆಯಾಯಿತು.

ಹೆಣ್ಣು. ಒಂದು ಕಿಲೋ ಮುನ್ನೂರೈವತ್ತು ಗ್ರಾಮು. ಬಾಗಿಲ ಹೊರಗೆ ನಿಂತಿದ್ದ ನಮಗೆ ಏನೂ ಕೇಳಿಸಲಿಲ್ಲ. ಚನ್ನವೀರ ಗೋಡೆಗೆ ಹಣೆ ಕೊಟ್ಟು ನಿಂತಿದ್ದ. ಆಮೇಲೆ ಒಳಗಿನಿಂದ ಹಳೇ ಕೀಲು ಕಿರುಗುಟ್ಟಿದಷ್ಟೇ ಸಣ್ಣ ಸದ್ದು ಬಂತು, ನಿಂತಿತು, ಮತ್ತೆ ಬಂತು. ಡಾಕ್ಟರ್ ಕುಮುದಾ ಹೊರಗೆ ಬಂದು, “ತಾನೇ ಉಸಿರಾಡ್ತಿದೆ. ಸ್ವಲ್ಪ ಸಹಾಯ ಬೇಕು, ಕೊಡ್ತೀವಿ. ಇವತ್ತಿಗೆ ಇಷ್ಟು” ಎಂದರು.

ಲಕೋಟೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದನ್ನು ಒಡೆದದ್ದು ಒಂದು ವರ್ಷದ ಮೇಲೆ, ನಲವತ್ತೂ ಜನರ ಹೆರಿಗೆಯಾದ ನಂತರ. ನಿಜವಾದ ಮಾತ್ರೆ ತಿಂದವರಲ್ಲಿ ಕೆಲವರ ಬಾವಿ ಎರಡು ಮೂರು ವಾರ ಹೆಚ್ಚು ತಡೆದಿತ್ತು, ಕೆಲವರದು ಇಲ್ಲ. ಇನ್ನೂ ನಾಲ್ಕಾರು ಊರುಗಳಲ್ಲಿ, ಇನ್ನೂ ಸಾವಿರ ಹೆಂಗಸರಲ್ಲಿ ನೋಡಬೇಕು, ಯಾರ ರಕ್ತಕ್ಕೆ ಯಾವುದು ಒಗ್ಗುತ್ತದೆಂದು ತಿಳಿಯಲು ವರ್ಷಗಳೇ ಬೇಕು ಎಂದರು ಡಾಕ್ಟರ್. ಇಪ್ಪತ್ತೇಳನೇ ಸೀಸೆಯಲ್ಲಿದ್ದದ್ದು ಬರೀ ಮಾತ್ರೆ. ನೀಲವೇಣಿ ಕೇಳಿ ನಕ್ಕಳು. ಆಮೇಲೆ ಎದ್ದು ಹೋಗಿ ಹಿತ್ತಲಲ್ಲಿ ಸ್ವಲ್ಪ ಹೊತ್ತು ಒಬ್ಬಳೇ ನಿಂತಿದ್ದಳು. ಮಗುವಿನ ರಕ್ತ ಬೇಕೆಂದು ಡಾಕ್ಟರ್ ಕೇಳಿದಾಗ ಕೊಡಿಸಿದಳು.

ಆದರೆ ನಾನು ಹೇಳಬೇಕೆಂದಿದ್ದು ಹೆರಿಗೆಯಾದ ಆರನೇ ದಿನದ ಮಾತು. ಆವತ್ತು ಬೆಳಿಗ್ಗೆ ಮಗುವನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ಮೊದಲ ಸಲ ತಾಯಿಯ ಎದೆಯ ಮೇಲೆ ಮಲಗಿಸಿದ್ದರು. ಹೀಗೆ ಮೈಗೆ ಮೈ ತಾಗಿಸಿ ದಿನವೆಲ್ಲ ಇಟ್ಟುಕೊಂಡರೆ ಬಿಸಿಯೂ ಉಳಿಯುತ್ತದೆ, ತೂಕವೂ ಬರುತ್ತದೆ ಎಂದು ನರ್ಸ್ ತೋರಿಸಿಕೊಟ್ಟು ಹೋದಳು. ನೀಲವೇಣಿಗೆ ಸರಿಯಾಗಿ ಬರಲಿಲ್ಲ. ಬಟ್ಟೆ ಜಾರುತ್ತಿತ್ತು, ಮಗುವಿನ ಕತ್ತು ವಾಲುತ್ತಿತ್ತು. ನಾನು ನರ್ಸನ್ನು ಕರೆಯಲು ಎದ್ದೆ. ಅಷ್ಟರಲ್ಲಿ ಮೂಲೆಯ ಬೆಂಚಿನಿಂದ ಅಮ್ಮ ಬಂದಳು. ಮಗುವಿನ ಕೆನ್ನೆಯನ್ನು ಒಂದು ಕಡೆಗೆ ತಿರುಗಿಸಿದಳು, ಕಾಲುಗಳನ್ನು ಕಪ್ಪೆಯ ಹಾಗೆ ಮಡಿಸಿದಳು, ಬಟ್ಟೆಯನ್ನು ಮಗುವಿನ ಕಿವಿಯವರೆಗೆ ಎಳೆದು ನೀಲವೇಣಿಯ ಬೆನ್ನ ಹಿಂದೆ ಸುತ್ತಿ ಗಂಟು ಹಾಕಿದಳು. ಅವಳ ಬೆರಳುಗಳು ಎಲ್ಲೂ ತಡವರಿಸಲಿಲ್ಲ.

“ಕೂತೇ ಮಲಗಬೇಕು. ಚಪ್ಪಟೆ ಮಲಗಬೇಡ” ಎಂದಳು. “ಇವನನ್ನೂ ಹೀಗೇ ಇಟ್ಕೊಂಡಿದ್ದೆ. ಐವತ್ತು ದಿನ.”

ಇವನು ಯಾರೆಂದು ನೀಲವೇಣಿ ಕೇಳಲಿಲ್ಲ. ಮಗುವಿನ ನೆತ್ತಿಯನ್ನೇ ನೋಡುತ್ತಿದ್ದವಳು ತಲೆಯೆತ್ತದೆ ಹೇಳಿದಳು, “ನನ್ನ ಮೊದಲನೇ ಮಗು ಎರಡು ದಿನ ಬಟ್ಟೆ ಮೇಲೆ ಮಲಗಿತ್ತು ಅತ್ತೆ. ಎದೆ ಮೇಲಿಟ್ಕೋ ಅಂತ ನೀವು ಹೇಳಲಿಲ್ಲ.”

ಅಮ್ಮನ ಕೈ ಗಂಟಿನ ಮೇಲೇ ಉಳಿಯಿತು. ಆವತ್ತು ಹೇಳಿದ್ದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು. ಅಮ್ಮ ಆ ಎರಡು ದಿನ ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಅದು ಸಂಕಟದಿಂದ ಎಂದು ನಾವೆಲ್ಲ ತಿಳಿದಿದ್ದೆವು.

“ಹೇಳಬೇಕಾಗಿತ್ತು” ಎಂದಳು ಅಮ್ಮ.

ಮಗುವಿನ ಉಸಿರಿಗೆ ನೀಲವೇಣಿಯ ಎದೆಯ ಮೇಲಿನ ಬಟ್ಟೆ ಏರಿ ಇಳಿಯುತ್ತಿತ್ತು. ನಡುವೆ ಒಂದು ಸಲ ಅದು ನಿಂತಂತಾಗಿ ಮೂವರೂ ಒಟ್ಟಿಗೆ ಬಗ್ಗಿದೆವು, ಮತ್ತೆ ಏರಿತು. ಒಂದು ಗಂಟೆ ಹಾಗೇ ಹೋಯಿತು. ಆಮೇಲೆ ನೀಲವೇಣಿ ಬೆನ್ನ ಹಿಂದೆ ಕೈ ಹಾಕಿ ತಾನೇ ಗಂಟು ಬಿಚ್ಚಿದಳು.

“ನನಗೆ ಊಟ ಮಾಡಿ ಸ್ವಲ್ಪ ಮಲಗಬೇಕು. ನಾಲ್ಕು ಗಂಟೆಗೆ ಅವರು ಬರೋವರೆಗೂ ನೀವು ಇಟ್ಕೊಳ್ಳಿ” ಎಂದು ಮಗುವನ್ನು ಅಮ್ಮನ ಕಡೆಗೆ ಚಾಚಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

ಅಮ್ಮ ಕುರ್ಚಿಗೆ ಒರಗಿ ಸೆರಗು ಸಡಿಲಿಸಿದಳು. ನಾನು ಮಗುವನ್ನು ಅವಳ ಎದೆಯ ಮೇಲಿಟ್ಟು ಬಟ್ಟೆ ಸುತ್ತಿದೆ. ನಾಲ್ಕು ಗಂಟೆಯವರೆಗೆ ಅವಳು ಅಲ್ಲಾಡಲಿಲ್ಲ. ಕೆಮ್ಮು ಬಂದರೆ ನುಂಗಿಕೊಂಡಳು. ಚನ್ನವೀರ ಬಂದು ಅಂಗಿಯ ಗುಂಡಿ ಬಿಚ್ಚುತ್ತ, “ಕೊಡಮ್ಮ, ನನ್ನ ಸರದಿ” ಎಂದಾಗ, ಅವಳ ಎಡಗೈ ಪೂರಾ ಜೋಮು ಹಿಡಿದಿತ್ತು. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಬೇಕಾಯಿತು.